ಪರ್ಸೆಂಟ್ ಬಿಡಿ, ಫೋನ್ ಮುಟ್ಟಿ ನೋಡಿ

ನಮಸ್ಕಾರ. ಇವತ್ತು ಮಾತಾಡಬೇಕಿದ್ದ ವಿಷಯವೇ ಬೇರೆ. ಅದನ್ನು ಪಕ್ಕಕ್ಕೆ ಇಟ್ಟಿದ್ದೇನೆ. ಯಾಕೆ ಅಂದರೆ ಹೋದ ವಿಡಿಯೊದಲ್ಲಿ ನಾನು ಮಾತಾಡುತ್ತಲೇ ಫೋನನ್ನು ಚಾರ್ಜಿಗೆ ಹಾಕಿದ್ದು ಕ್ಯಾಮೆರಾದಲ್ಲಿ ಬಿದ್ದಿದೆ, ಬ್ಯಾಟರಿ ಆಗ 43 ಪರ್ಸೆಂಟ್ ಇತ್ತು, ಅಷ್ಟಕ್ಕೇ ಒಬ್ಬರು ಕಮೆಂಟಿನಲ್ಲಿ ಪಾಠ ಮಾಡಿದ್ದಾರೆ. "ಅಣ್ಣಾ, ಅರ್ಧಕ್ಕೇ ಚಾರ್ಜ್ ಹಾಕಿದ್ರೆ ಬ್ಯಾಟರಿ ಹಾಳಾಗುತ್ತೆ. ಪೂರ್ತಿ ಸೊನ್ನೆ ಆಗಿ ಸ್ವಿಚ್ ಆಫ್ ಆದ ಮೇಲೆ ಹಾಕಿ, ನೂರು ಆಗೋ ತನಕ ತೆಗೀಬೇಡಿ. ಟೆಕ್ ಚಾನೆಲ್ ನಡೆಸ್ತೀರಿ, ಇಷ್ಟೂ ಗೊತ್ತಿಲ್ವಾ?" ಆ ಕಮೆಂಟಿಗೆ ಬಿದ್ದಿರುವಷ್ಟು ಲೈಕು ನನ್ನ ವಿಡಿಯೊಗೇ ಬಿದ್ದಿಲ್ಲ. ಹೊಟ್ಟೆ ಉರಿಯುತ್ತೆ ಅಲ್ವಾ?

ಸ್ವಾಮಿ, ಆ ಸಲಹೆ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಕಾಲದ್ದು. ಅರ್ಧಂಬರ್ಧ ಚಾರ್ಜ್ ಮಾಡಿದರೆ ಅದರ ಶಕ್ತಿ ಕುಗ್ಗುತ್ತೆ ಅನ್ನುವ ಮಾತಿತ್ತು. ಈಗ ನಿಮ್ಮ ಜೇಬಿನಲ್ಲಿ ಇರುವುದು ಲಿಥಿಯಂ ಅಯಾನ್. ಸೋನಿ ಅದನ್ನು ಮಾರುಕಟ್ಟೆಗೆ ತಂದಿದ್ದು 1991ರಲ್ಲಿ. ಅದರ ಹಿಂದೆ ದುಡಿದ ವಿಜ್ಞಾನಿಗಳು ಗುಡೆನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಮೂವರಿಗೂ 2019ರಲ್ಲಿ ನೊಬೆಲ್ ಬಂತು. ಅವರಿಗೆ ನೊಬೆಲ್ ಬಂದರೂ ಕಮೆಂಟ್ ಬಾಕ್ಸಿಗೆ ಇನ್ನೂ ಸುದ್ದಿ ಬಂದಿಲ್ಲ. ಲಿಥಿಯಂ ಬ್ಯಾಟರಿಯನ್ನು ಪದೇ ಪದೇ ಸೊನ್ನೆಗೆ ಇಳಿಸಿದರೆ ಅದಕ್ಕೆ ಸುಸ್ತೇ ಜಾಸ್ತಿ. ಅರ್ಧಕ್ಕೆ ಎರಡು ಸಲ ಚಾರ್ಜ್ ಹಾಕಿದರೂ ಲೆಕ್ಕಕ್ಕೆ ಅದು ಒಂದೇ ಸೈಕಲ್, ಅಂದರೆ ಒಂದು ಪೂರ್ತಿ ಚಾರ್ಜ್.

ಬ್ಯಾಟರಿಯನ್ನು ನಿಜವಾಗಿ ತಿನ್ನುವುದು ಬಿಸಿ. ಪರ್ಸೆಂಟ್ ಅಲ್ಲ, ಬಿಸಿ. ಬ್ಯಾಟರಿ ಒಳಗೆ, ಚಾರ್ಜ್ ಆದಾಗ ಲಿಥಿಯಂ ಹೋಗಿ ಕೂರುವ ಗ್ರಾಫೈಟ್ ಮೇಲೆ ಒಂದು ತೆಳು ಪದರ ಕಟ್ಟುತ್ತಾ ಹೋಗುತ್ತೆ. ಅದು ಬೆಳೆದಷ್ಟೂ ಕೆಲಸಕ್ಕೆ ಬರಬೇಕಾದ ಲಿಥಿಯಂ ಅಲ್ಲೇ ಸಿಕ್ಕಿಕೊಳ್ಳುತ್ತೆ. ಬಿಸಿ ಏರಿದರೆ ಇದು ಬೇಗ ಬೇಗ ನಡೆಯುತ್ತೆ. ಆ್ಯಪಲ್ ತನ್ನ ಸೈಟಿನಲ್ಲೇ ಬರೆದಿದೆ, 35 ಡಿಗ್ರಿ ದಾಟಿದ ಜಾಗದಲ್ಲಿ ಫೋನ್ ಬಳಸಿದರೆ ಬ್ಯಾಟರಿಗೆ ವಾಪಸ್ ಬಾರದ ನಷ್ಟ ಆಗಬಹುದು ಅಂತ. ಅದನ್ನು ಯಾರೂ ಓದುವುದಿಲ್ಲ. ಕಮೆಂಟ್ ಮಾತ್ರ ಓದುತ್ತಾರೆ.

ಈಗ ನಮ್ಮ ಜನ ಮಾಡುವುದು ನೋಡಿ. ಕಾರಿನ ಗಾಜಿಗೆ ಫೋನ್ ಸಿಕ್ಕಿಸಿರುತ್ತಾರೆ. ಎದುರಿಗೆ ಬಿಸಿಲು, ಮ್ಯಾಪ್ ಓಡುತ್ತಿದೆ, ಬ್ರೈಟ್‌ನೆಸ್ ಪೂರ್ತಿ, ಕೆಳಗಿಂದ ಚಾರ್ಜರ್, ಮೇಲೊಂದು ದಪ್ಪ ರಬ್ಬರ್ ಕವರ್. ಫೋನ್ ಪಾಪ ಮೊದಲು ಸ್ಕ್ರೀನ್ ಮಂಕು ಮಾಡುತ್ತೆ, ಆಮೇಲೆ ಚಾರ್ಜ್ ನಿಲ್ಲಿಸುತ್ತೆ, ಕೊನೆಗೆ ನನ್ನನ್ನು ತಣ್ಣಗೆ ಮಾಡಿ ಅಂತ ಬರೆದೇ ತೋರಿಸುತ್ತೆ. ಇವರು ಏನು ಮಾಡುತ್ತಾರೆ? "ಚಾರ್ಜರ್ ಕೆಟ್ಟಿದೆ" ಅಂತ ಕೇಬಲ್ ಅಲ್ಲಾಡಿಸುತ್ತಾರೆ! ಇವರೇ ಮನೆಗೆ ಬಂದು 80 ಪರ್ಸೆಂಟಿಗೆ ಅಲಾರಂ ಇಟ್ಟುಕೊಂಡು ಓಡಿ ಹೋಗಿ ಪ್ಲಗ್ ಕೀಳುವವರು.

ಹಾಂ, 80ರ ಪಾರ್ಟಿಯವರು ಈಗ ಬರುತ್ತಾರೆ, ನನಗೆ ಗೊತ್ತು. "20ರಿಂದ 80ರ ಒಳಗೆ ಇಟ್ಟರೆ ಆಯಸ್ಸು ಜಾಸ್ತಿ." ಸರಿ ಮಾರಾಯ, ಸುಳ್ಳಲ್ಲ, ನೂರರಲ್ಲಿ ವೋಲ್ಟೇಜ್ ಜಾಸ್ತಿ ಇರುತ್ತೆ, ಸವೆತವೂ ಜಾಸ್ತಿ. ಅದಕ್ಕೇ ಹೊಸ ಫೋನುಗಳಲ್ಲಿ 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಕೊಟ್ಟಿರುತ್ತಾರೆ. ಒಂದು ಸಲ ಆನ್ ಮಾಡಿ ಮರೆತುಬಿಡಿ. ಅದಕ್ಕೊಂದು ವ್ರತ ಯಾಕೆ? ನೂರು ಮಾಡಿ ಬಿಸಿಯಲ್ಲಿ ಇಡುವುದೇ ಎಲ್ಲಕ್ಕಿಂತ ಕೆಟ್ಟದ್ದು, ಅಂದರೆ ತಿರುಗಿ ಬಿಸಿಗೇ ಬಂದೆವು. ನಾನು ಹೇಳುತ್ತಿರುವುದು ಅದನ್ನೇ.

ಇಲ್ಲಿ ಒಂದು ನಿಮಿಷ. ಇಷ್ಟು ಗಂಟಲು ಹರಿದುಕೊಳ್ಳುತ್ತಿದ್ದೇನೆ, ಸಬ್‌ಸ್ಕ್ರೈಬ್ ಮಾಡದೆ ನೋಡುತ್ತಾ ಕೂತಿದ್ದೀರಲ್ಲ, ಸ್ವಲ್ಪ ಬೆರಳು ಆಡಿಸಿ. ಬೆಲ್ ಕೂಡ ಒತ್ತಿ. ಮುಂದಿನ ವಾರ ಪವರ್ ಬ್ಯಾಂಕ್ ಬಗ್ಗೆ ಇದೆ, ಅದರಲ್ಲೂ ಬೈಯುತ್ತೇನೆ.

ರಾತ್ರಿಯಿಡೀ ಚಾರ್ಜಿಗೆ ಹಾಕಬಹುದಾ? ಹಾಕಿ. ತುಂಬಿದ ಮೇಲೆ ಒಳಗಿನ ಚಿಪ್ ತಾನೇ ನಿಲ್ಲಿಸುತ್ತೆ, ಉಕ್ಕಿ ಚೆಲ್ಲುವುದಕ್ಕೆ ಅದೇನು ಹಾಲಲ್ಲ. ಆದರೆ ದಿಂಬಿನ ಕೆಳಗೆ ಇಟ್ಟು ಹಾಕಬೇಡಿ, ಹಾಸಿಗೆ ಮೇಲೂ ಬೇಡ. ಬಿಸಿ ಹೋಗಲಿಕ್ಕೆ ದಾರಿ ಇರಲ್ಲ. ಫಾಸ್ಟ್ ಚಾರ್ಜರ್? ಹಾಕಿ, ಮೊದಲು ಜೋರಾಗಿ ತುಂಬಿಸಿ ಕೊನೆಕೊನೆಗೆ ಅದೇ ನಿಧಾನ ಮಾಡುತ್ತೆ. ಚಾರ್ಜಿಗೆ ಹಾಕಿ ಗೇಮ್ ಆಡಬಹುದಾ? ಹಿಂಭಾಗ ಮುಟ್ಟಿ ನೋಡಿ, ಉತ್ತರ ಅಲ್ಲೇ ಇದೆ. ವೈರ್‌ಲೆಸ್? ಸರಿಯಾಗಿ ಕೂರಿಸದಿದ್ದರೆ ಕರೆಂಟ್ ಅರ್ಧ ದಾರಿಯಲ್ಲೇ ಬಿಸಿಯಾಗಿ ಹೋಗುತ್ತೆ. ಬಿಸಿ, ಬಿಸಿ, ಬಿಸಿ.

ಬಿಸಿ ಅಂದೆ ಅಂತ ಫ್ರಿಜ್‌ನಲ್ಲಿ ಇಡಬೇಡಿ ಮತ್ತೆ! ಇಡುವವರು ಇದ್ದಾರೆ. ಹೊರಗೆ ತೆಗೆದಾಗ ಒಳಗೆಲ್ಲ ನೀರಿನ ಹನಿ ಕಟ್ಟುತ್ತೆ. ಕವರ್ ತೆಗೆದು ನೆರಳಲ್ಲಿ ಸುಮ್ನೆ ಬಿಡಿ ಸಾಕು.

"ನಾನು ಎಲ್ಲಾ ತಪ್ಪೂ ಮಾಡುತ್ತೇನೆ, ನನ್ನ ಬ್ಯಾಟರಿ ಕಲ್ಲಿನ ಹಾಗಿದೆ" ಅಂತ ಒಬ್ಬರು ಬರೆದೇ ಬರೆಯುತ್ತಾರೆ. ಸಂತೋಷ. ನಿಮ್ಮ ಫೋನಿಗೆ ಆಯುಷ್ಯ ಗಟ್ಟಿ. ಇನ್ನೊಬ್ಬರು ಕಾರಣ ಇನ್ನೂ ಕೊಡಿ ಅನ್ನುತ್ತಾರೆ. ಎಷ್ಟು ಕೊಡಲಿ? ಫೋನ್ ಬಿಸಿ ಇದೆಯಾ? ಇದ್ದರೆ ಚಾರ್ಜರ್ ತೆಗೆಯಿರಿ. ಇಲ್ವಾ? ಹಾಗಾದರೆ 43ಕ್ಕೆ ಹಾಕಿ, 17ಕ್ಕೆ ಹಾಕಿ, 91ಕ್ಕೆ ಹಾಕಿ, ನನ್ನ ತಲೆ ತಿನ್ನಬೇಡಿ. ಒಪ್ಪದಿದ್ದರೆ ಕಮೆಂಟಿನಲ್ಲಿ ಬೈಯಿರಿ, ಅದರಿಂದ ವಿಡಿಯೊ ಇನ್ನೂ ನಾಲ್ಕು ಜನಕ್ಕೆ ಹೋಗುತ್ತೆ. ಆದರೆ ದಿಂಬಿನ ಕೆಳಗಿಂದ ಫೋನ್ ತೆಗೆದು ಬೈಯಿರಿ.