ಸೇದದ ರಾಜ್ಯ ಬಿಲ್ ಯಾಕೆ ಕಟ್ಟಬೇಕು?

ನಮಸ್ಕಾರ. ಇವತ್ತು ಸಿಗರೇಟು ಕಂಪನಿಗಳ ಮೇಲೆ ರಾಜ್ಯದ ಪರವಾಗಿ ಕೇಸು ಹಾಕಿದ ಮೈಕ್ ಮೂರ್ ಬಗ್ಗೆ ಮಾತಾಡೋಣ. ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ 1988ರಿಂದ 2004ರವರೆಗೆ ಅಟಾರ್ನಿ ಜನರಲ್, ಅಂದರೆ ರಾಜ್ಯದ ಮುಖ್ಯ ವಕೀಲ ಆಗಿದ್ದವರು.

ನಮ್ಮಲ್ಲಿ ಅಡ್ವೊಕೇಟ್ ಜನರಲ್ ಅವರನ್ನು ರಾಜ್ಯಪಾಲರು ನೇಮಿಸುತ್ತಾರೆ. ಅಲ್ಲಿ 43 ರಾಜ್ಯಗಳಲ್ಲಿ ಜನರೇ ವೋಟು ಹಾಕಿ ಆರಿಸುತ್ತಾರೆ. ಗವರ್ನರ್ ಮುನಿಸಿಕೊಂಡರೂ ಮನೆಗೆ ಕಳಿಸೋಕೆ ಆಗುವುದಿಲ್ಲ. ಇದನ್ನು ನೆನಪಿಡಿ.

ಮೂರ್ ಜೊತೆ ಓದಿದ್ದ ವಕೀಲರೊಬ್ಬರು ಆಸ್ಪತ್ರೆಗೆ ಹೋಗಿದ್ದರು. ಹಾಸಿಗೆಯಲ್ಲಿ ಪರಿಚಯದ ಹೆಂಗಸು, ಸಿಗರೇಟು ಸೇದಿ ಸೇದಿ ಸಾಯುವ ಸ್ಥಿತಿಯಲ್ಲಿದ್ದರು. ಚಿಕಿತ್ಸೆಯ ಖರ್ಚು ಬಡವರಿಗಾಗಿ ಇರುವ ಮೆಡಿಕೇಡ್ ಯೋಜನೆಯದು, ಅಂದರೆ ಸರ್ಕಾರದ್ದು. ಅಲ್ಲಿ ಹುಟ್ಟಿದ ಯೋಚನೆ ಮೂರ್ ಮುಂದೆ ಬಂತು.

ಅದುವರೆಗೆ ನಲವತ್ತು ವರ್ಷ ರೋಗಿಗಳು ಸಿಗರೇಟು ಕಂಪನಿಗಳ ಮೇಲೆ ಕೇಸು ಹಾಕಿ ಸೋತಿದ್ದರು. ಸೇದಿದ್ದು ನೀವೇ ಅಲ್ವಾ ಅನ್ನುತ್ತಿದ್ದರು ಕಂಪನಿ ವಕೀಲರು. ಮೂರ್ ಆ ಬಾಯಿ ಮುಚ್ಚಿಸಿದರು. ರಾಜ್ಯ ಒಂದು ಸಿಗರೇಟನ್ನೂ ಸೇದಿಲ್ಲ, ಬಿಲ್ ಮಾತ್ರ ಕಟ್ಟುತ್ತಿದೆ, ಆ ದುಡ್ಡು ವಾಪಸ್ ಕೊಡಿ! ಎಷ್ಟು ಸರಳ ಮಾತು ನೋಡಿ. ನನಗೆ ಈಗಲೂ ರೋಮಾಂಚನ ಆಗುತ್ತದೆ.

1994ರ ಏಪ್ರಿಲ್‌ನಲ್ಲಿ ಏಳು ಕಂಪನಿಗಳ ಮುಖ್ಯಸ್ಥರು ಸಾಲಾಗಿ ನಿಂತು, ಬಲಗೈ ಎತ್ತಿ ಪ್ರಮಾಣ ಮಾಡಿ, ನಿಕೋಟಿನ್ ಚಟ ಹಿಡಿಸುತ್ತದೆ ಅಂತ ನಾವು ನಂಬುವುದಿಲ್ಲ ಎಂದು ಅಮೆರಿಕದ ಸಂಸತ್ತಿನ ಮುಂದೆ ಹೇಳಿದ್ದರು. ಮೇ ತಿಂಗಳಲ್ಲೇ ಮೂರ್ ತಮ್ಮೂರು ಪ್ಯಾಸ್ಕಗೂಲಾದ ಕೋರ್ಟಿನಲ್ಲಿ ಕೇಸು ಹಾಕಿದರು.

ಅಡ್ಡಗಾಲು ಹಾಕಿದ್ದು ಸ್ವಂತ ರಾಜ್ಯದ ಗವರ್ನರ್! ಕೇಸು ನಿಲ್ಲಿಸಿ ಅಂತ ಕರ್ಕ್ ಫೋರ್ಡಿಸ್ ರಾಜ್ಯದ ಸುಪ್ರೀಂ ಕೋರ್ಟಿಗೇ ಹೋದರು. ಕೋರ್ಟು ಒಪ್ಪಲಿಲ್ಲ. ಗವರ್ನರ್ ನೇಮಿಸಿದ ವಕೀಲರಾಗಿದ್ದರೆ ಮೂರ್ ಅಷ್ಟು ದಿನ ಕುರ್ಚಿಯಲ್ಲಿ ಉಳಿಯುತ್ತಿದ್ದರಾ? ನನಗಂತೂ ನಂಬಿಕೆಯಿಲ್ಲ.

1997ರ ಜುಲೈನಲ್ಲಿ ಕಂಪನಿಗಳು ರಾಜಿಗೆ ಬಂದವು. ಮಿಸಿಸಿಪ್ಪಿಗೆ 300 ಕೋಟಿ ಡಾಲರ್‌ಗೂ ಜಾಸ್ತಿ. ಮರುವರ್ಷ 46 ರಾಜ್ಯಗಳಿಗೆ 25 ವರ್ಷದಲ್ಲಿ ಸುಮಾರು 20,600 ಕೋಟಿ ಡಾಲರ್ ಕೊಡುವ ಒಪ್ಪಂದವಾಯಿತು.

ನನಗೆ ಸಿಟ್ಟು ಬರುವುದು ಮುಂದಿನದಕ್ಕೆ. ಸಿಗರೇಟು ಬಿಡಿಸಲು ಬಳಸಬೇಕಿದ್ದ ದುಡ್ಡನ್ನು ಎಷ್ಟೋ ರಾಜ್ಯಗಳು ಬಜೆಟ್ಟಿನ ತೂತು ಮುಚ್ಚಲು ಸುರಿದವು. ಮಕ್ಕಳು ಸಿಗರೇಟು ಮುಟ್ಟದಂತೆ ಮೂರ್ ಕಟ್ಟಿದ್ದ ಕಾರ್ಯಕ್ರಮದ ಹಣ 2006ರಲ್ಲಿ ನಿಂತುಹೋಯಿತು. ಆ ಹಣ ನಿಲ್ಲಿಸಿ ಅಂತ ಕೋರ್ಟಿಗೆ ಹೋದ ಗವರ್ನರ್ ಹೇಲಿ ಬಾರ್ಬರ್, ಹಿಂದೆ ತಂಬಾಕು ಕಂಪನಿಗಳ ಪರ ಲಾಬಿ ಮಾಡಿದವರು.

ಮೂರ್ ಅಲ್ಲಿಗೆ ಸುಮ್ನೆ ಕೂರಲಿಲ್ಲ. ಹುದ್ದೆ ಬಿಟ್ಟ ಮೇಲೆ ಚಟ ಹಿಡಿಸುವ ಓಪಿಯಾಯ್ಡ್ ನೋವಿನ ಮಾತ್ರೆಗಳ ಕಂಪನಿಗಳ ವಿರುದ್ಧ ನಿಂತರು. ಆ ಮಾತ್ರೆಗಳ ವಿಚಾರದಲ್ಲಿ 2021ರಲ್ಲಿ ಆದ ದೊಡ್ಡ ಒಪ್ಪಂದದಲ್ಲಿ, ಕನಿಷ್ಠ ಶೇ 85ರಷ್ಟು ಹಣ ಆ ಪಿಡುಗಿನ ಪರಿಹಾರಕ್ಕೇ ಹೋಗಬೇಕು ಅಂತ ಬರೆಸಿಕೊಳ್ಳಲಾಯಿತು.