ಪಿಎಲ್‌ಸಿಗೆ ಇನ್‌ಪುಟ್ ಬರ್ತಿಲ್ವಾ? ಲ್ಯಾಪ್‌ಟಾಪ್ ಆಮೇಲೆ, ಮೊದಲು ಮೀಟರ್

[ದೃಶ್ಯ: ತೆರೆದ ಪ್ಯಾನೆಲ್, ಸಿಪಿಯು ಹತ್ತಿರದಿಂದ]

ನಮಸ್ಕಾರ. ಏರ್ ಸಿಲಿಂಡರ್ ಮುಂದೆ ಬಂದಿದೆ, ಸೆನ್ಸರ್ ಮೇಲಿನ ಲೈಟೂ ಹತ್ತಿದೆ. ಆದ್ರೆ ಮಷೀನ್ ಅಲ್ಲೇ ನಿಂತಿದೆ. ತಕ್ಷಣ ಪಿಎಲ್‌ಸಿ, ಅಂದ್ರೆ ಮಷೀನ್ ನಡೆಸೋ ಕಂಟ್ರೋಲರ್‌ನ ಪ್ರೋಗ್ರಾಂ ತೆರೆಯಬೇಡಿ. ನಿನ್ನೆವರೆಗೂ ಓಡಿದ ಪ್ರೋಗ್ರಾಂ ತಾನಾಗಿ ಬದಲಾಗೋದು ತೀರಾ ಅಪರೂಪ. ವೈರ್ ಸಡಿಲ ಆಗುತ್ತೆ, ಸಪ್ಲೈ ಇಳಿಯುತ್ತೆ, ಯಾರೋ ಬೇರೆ ಸೆನ್ಸರ್ ಹಾಕಿರ್ತಾರೆ.

ಇವತ್ತು ನಾವು ನೋಡ್ತಿರೋದು ಸೀಮೆನ್ಸ್ ಎಸ್7-1200, ಸಿಪಿಯು 1214ಸಿ, ಡಿಸಿ ಮಾಡೆಲ್. 14 ಡಿಜಿಟಲ್ ಇನ್‌ಪುಟ್, 10 ಔಟ್‌ಪುಟ್.

ಕೈ ಹಾಕೋ ಮುಂಚೆ ಏರ್ ಬಂದ್ ಮಾಡಿ, ಲೈನಲ್ಲಿ ಉಳಿದ ಪ್ರೆಶರ್ ಬಿಟ್ಟುಬಿಡಿ, ಎಮರ್ಜೆನ್ಸಿ ಒತ್ತಿಡಿ. ಕಾಯ್ತಾ ನಿಂತಿರೋ ಮಷೀನ್, ಇನ್‌ಪುಟ್ ಸಿಕ್ಕ ಕ್ಷಣವೇ ಚಲಿಸುತ್ತೆ. ಇದರಲ್ಲಿ ರಾಜಿ ಬೇಡ.

ಮೊದಲು ಸಪ್ಲೈ. ಸಿಪಿಯುಗೆ ಸಪ್ಲೈ ಬರೋ ಎಲ್ ಪ್ಲಸ್ (ಪ್ಲಸ್) ಮತ್ತು ಎಂ (ಸೊನ್ನೆ ವೋಲ್ಟ್) ಟರ್ಮಿನಲ್‌ಗಳ ಮಧ್ಯೆ 20.4ರಿಂದ 28.8 ವೋಲ್ಟ್ ಒಳಗೆ ಇರಬೇಕು. ಸುಮ್ಮನಿದ್ದಾಗ 24 ತೋರಿಸೋ ಹಳೇ ಎಸ್‌ಎಂಪಿಎಸ್ (ಪವರ್ ಸಪ್ಲೈ), ಏರ್ ವಾಲ್ವ್‌ಗಳ ಸೊಲೆನಾಯ್ಡ್‌ಗಳು ಆನ್ ಆದಾಗ ಕುಸಿಯಬಹುದು. ಅನುಮಾನ ಇದ್ರೆ ಲೋಡ್ ಇರುವಾಗಲೂ ಅಳೆಯಿರಿ.

[ದೃಶ್ಯ: ಮೀಟರ್‌ನ ಕಪ್ಪು ಪ್ರೋಬ್ 1ಎಂ ಮೇಲೆ, ಕೆಂಪು ಪ್ರೋಬ್ ಐ0.3 ಇನ್‌ಪುಟ್ ಮೇಲೆ]

ಈಗ ಮುಖ್ಯ ವಿಷಯ. ಈ ಪ್ಯಾನೆಲ್‌ನಲ್ಲಿ ಪಿಎನ್‌ಪಿ ಸೆನ್ಸರ್‌ಗಳಿವೆ, ಅಂದ್ರೆ ಆನ್ ಆದಾಗ ಸಿಗ್ನಲ್ ವೈರ್‌ಗೆ ಪ್ಲಸ್ ಕೊಡೋವು. ಹಾಗಾಗಿ ಇನ್‌ಪುಟ್‌ಗಳ ಕಾಮನ್ ಆದ 1ಎಂ ಟರ್ಮಿನಲ್ ಸೊನ್ನೆ ವೋಲ್ಟ್‌ಗೆ ಸೇರಿದೆ. ಇನ್‌ಪುಟ್ ಟರ್ಮಿನಲ್‌ಗೆ 15 ವೋಲ್ಟ್ ಅಥವಾ ಹೆಚ್ಚು ಬಂದ್ರೆ ಸಿಪಿಯು ಅದನ್ನ ಒಂದು ಅಂತ ಓದುತ್ತೆ, 5 ಅಥವಾ ಕಡಿಮೆ ಇದ್ರೆ ಸೊನ್ನೆ. ನಡುವೆ 9, 10 ವೋಲ್ಟ್ ನಿಂತಿದ್ರೆ ಯಾವ ಖಾತ್ರಿಯೂ ಇಲ್ಲ. ಒಮ್ಮೆ ಓದುತ್ತೆ, ಒಮ್ಮೆ ಬಿಡುತ್ತೆ. ಜಂಗು ಹಿಡಿದ ಕನೆಕ್ಟರ್, ಸಡಿಲ ಸ್ಕ್ರೂ, ಟರ್ಮಿನಲ್ ಒಳಗೆ ತಾಮ್ರದ ಬದಲು ಇನ್ಸುಲೇಶನ್ ಕಚ್ಚಿರೋದು, ಇವನ್ನ ಹುಡುಕಿ.

ಸೆನ್ಸರ್ ಲೈಟ್ ಹತ್ತಿದೆ, ಟರ್ಮಿನಲ್‌ನಲ್ಲಿ ಮಾತ್ರ ಸೊನ್ನೆ? ವೈರ್ ತುಂಡಾಗಿರಬಹುದು. ಹೊಸದಾಗಿ ಸೆನ್ಸರ್ ಬದಲಾಯಿಸಿದ್ರೆ ಲೇಬಲ್ ಓದಿ: ಎನ್‌ಪಿಎನ್ ಬಂದಿರಬಹುದು. ಅದು ಸಿಗ್ನಲ್ ವೈರನ್ನ ಸೊನ್ನೆ ವೋಲ್ಟ್ ಕಡೆಗೆ ಎಳೆಯುತ್ತೆ. ಕಾಮನ್ ಕೂಡ ಸೊನ್ನೆಯೇ ಆದ್ದರಿಂದ ಕರೆಂಟ್ ಹರಿಯೋದೇ ಇಲ್ಲ. ಕಂದು, ನೀಲಿ, ಕಪ್ಪು ಬಣ್ಣ ಎರಡರಲ್ಲೂ ಒಂದೇ, ಅದಕ್ಕೇ ಮೋಸ ಹೋಗೋದು. 1ಎಂ ಅನ್ನು ಪ್ಲಸ್‌ಗೆ ತಿರುಗಿಸೋಕೆ ಹೋಗಬೇಡಿ, 14 ಇನ್‌ಪುಟ್‌ಗೂ ಇದೊಂದೇ ಕಾಮನ್. ಸರಿಯಾದ ಸೆನ್ಸರ್ ಹಾಕಿ.

24 ವೋಲ್ಟ್ ಬಂದಿದೆ, ಸಿಪಿಯು ಮೇಲಿನ ಇನ್‌ಪುಟ್ ಲೈಟ್ ಇಲ್ಲ ಅಂದ್ರೆ ಆ ಚಾನೆಲ್ ಹೋಗಿದೆ ಅನ್ನೋ ಅನುಮಾನ ಬಲವಾಗುತ್ತೆ. ವೈರನ್ನ ಖಾಲಿ ಇನ್‌ಪುಟ್‌ಗೆ ಹಾಕಿ, ಪ್ರೋಗ್ರಾಂನಲ್ಲಿ ಆ ಇನ್‌ಪುಟ್‌ನ ಟ್ಯಾಗ್ (ಹೆಸರು) ಅಡ್ರೆಸ್ ಬದಲಾಯಿಸಿ, ಡ್ರಾಯಿಂಗ್‌ನಲ್ಲೂ ತಿದ್ದಿ.

ಲೈಟೂ ಇದೆ, ಮಷೀನ್ ಮಾತ್ರ ಕದಲ್ತಿಲ್ಲ: ಈಗ ಲ್ಯಾಪ್‌ಟಾಪ್. ಸಿಪಿಯು ಮೇಲಿನ ಮೇಂಟ್ (MAINT) ಲೈಟ್ ಹಳದಿಯಾಗಿ ಉರೀತಿದ್ರೆ ಮೊದಲು ಫೋರ್ಸ್ ಟೇಬಲ್ ನೋಡಿ. ಫೋರ್ಸ್ ಅಂದ್ರೆ ಇನ್‌ಪುಟ್ ಅಥವಾ ಔಟ್‌ಪುಟ್‌ಗೆ ಬಲವಂತವಾಗಿ ಕೊಟ್ಟ ಬೆಲೆ. ಯಾರೋ ಹಾಕಿದ ಫೋರ್ಸ್, ಕೇಬಲ್ ತೆಗೆದ ಮೇಲೂ ಸಿಪಿಯುನಲ್ಲಿ ಉಳಿದಿರುತ್ತೆ. ಎರರ್ ಲೈಟ್ ಕೆಂಪಗೆ ಮಿಣುಕ್ತಿದ್ರೆ ಸೀಮೆನ್ಸ್‌ನ ಪ್ರೋಗ್ರಾಮಿಂಗ್ ಸಾಫ್ಟ್‌ವೇರ್ ಟಿಐಎ ಪೋರ್ಟಲ್‌ನಲ್ಲಿ ಡಯಾಗ್ನಾಸ್ಟಿಕ್ಸ್ ಬಫರ್ (ಘಟನೆಗಳ ದಾಖಲೆ) ತೆರೆಯಿರಿ, ಕಾರಣ ಸಮಯದ ಸಮೇತ ಅಲ್ಲಿರುತ್ತೆ.

ನಿರ್ವಹಣೆ ವಿಚಾರ: ಸಿಪಿಯು ಮೇಲೆ ಕೆಳಗೆ 25 ಮಿಲಿಮೀಟರ್ ಗಾಳಿಗೆ ಬಿಡಿ, ಎಳೆಎಳೆ ವೈರ್‌ಗಳ ತುದಿಗೆ ಫೆರುಲ್ (ಲೋಹದ ಚಿಕ್ಕ ಕೊಳವೆ) ಹಾಕಿ. ಸಪ್ಲೈ ಇಲ್ಲದಾಗ ಸಿಪಿಯು ಒಳಗಿನ ಗಡಿಯಾರ ಸೂಪರ್ ಕೆಪಾಸಿಟರ್ ಮೇಲೆ ಸಾಮಾನ್ಯವಾಗಿ 20 ದಿನ ನಡೆಯುತ್ತೆ. ಫ್ಯಾಕ್ಟರಿ ಅದಕ್ಕಿಂತ ಹೆಚ್ಚು ದಿನ ಬಂದ್ ಆಗಿದ್ರೆ, ಶುರು ಮಾಡುವಾಗ ಆನ್‌ಲೈನ್ ಹೋಗಿ ಸಮಯ ಸರಿಪಡಿಸಿ. ಇಲ್ಲದಿದ್ರೆ ಬಫರ್‌ನಲ್ಲಿರೋ ಸಮಯವನ್ನೂ ನಂಬೋಕಾಗಲ್ಲ.