ಬಿಳಿಗಾರದ ಹರಳಿನಲ್ಲಿ ನೀರೆಷ್ಟು?

ಮೈಸೂರಿನ ಅಶೋಕ ರಸ್ತೆಯ ಆಸುಪಾಸಿನಲ್ಲಿ ಕೆಲಸ ಮಾಡುವ ಅಕ್ಕಸಾಲಿಗರಿಗೆ ಬಿಳಿಗಾರವನ್ನು (ಬೋರಾಕ್ಸ್) ಪರಿಚಯಿಸಬೇಕಾಗಿಲ್ಲ. ಬೆಸೆಯುವ ಜಾಗಕ್ಕೆ ಹಚ್ಚಿ ಕಾಯಿಸಿದಾಗ ಅದು ಮೊದಲು ಉಬ್ಬಿ ನೊರೆಯಾಗುತ್ತದೆ. ಬಳಿಕ ಕರಗಿ ಗಾಜಿನಂತಾಗಿ, ಚಿನ್ನದೊಳಗಿನ ತಾಮ್ರ ಬಿಸಿಗೆ ಕಟ್ಟಿಕೊಂಡ ಆಕ್ಸೈಡನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ಆ ಉಬ್ಬುವಿಕೆ ನೀರು ಹೊರಹೋಗುವುದರ ಗುರುತು. ಎಷ್ಟು ನೀರು ಎಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳು Na₂B₄O₇·10H₂O ಎಂಬ ಪಠ್ಯದ ಸೂತ್ರ ನೆನೆದು ತಡಮಾಡದೆ ಹತ್ತು ಅಣು ಎನ್ನುತ್ತಾರೆ. ಆ ಉತ್ತರಕ್ಕೆ ಅಂಕ ಕೊಟ್ಟು ಮುಂದೆ ಸಾಗುವ ನಮ್ಮ ಬೋಧನಾಕ್ರಮಕ್ಕೆ ನನ್ನ ಆಕ್ಷೇಪವಿದೆ.

ಬಿಳಿಗಾರದ ಸ್ಫಟಿಕ ರಚನೆ, ಅಂದರೆ ಹರಳಿನೊಳಗೆ ಪರಮಾಣುಗಳು ಜೋಡಣೆಗೊಂಡ ಬಗೆ, ಎಕ್ಸ್‌ರೇ ಅಧ್ಯಯನದಿಂದ 1956ರಲ್ಲಿಯೇ ಪ್ರಕಟವಾಗಿದೆ. ಅದರಲ್ಲಿ ನಾಲ್ಕು ಬೋರಾನ್‌ಗಳ ಒಂದೊಂದು ಗುಂಪು ಬಿಡಿಯಾಗಿ ನಿಂತಿದೆ: ಎರಡು ಬೋರಾನ್‌ಗಳು ಮೂರು ಆಮ್ಲಜನಕಗಳ ತ್ರಿಕೋನದ ನಡುವೆ, ಉಳಿದೆರಡು ನಾಲ್ಕು ಆಮ್ಲಜನಕಗಳ ಚತುಷ್ಫಲಕದ (ನಾಲ್ಕು ತ್ರಿಕೋನ ಮುಖಗಳ ಆಕೃತಿ) ನಡುವೆ. ಈ ಗುಂಪಿನ ಅಂಚುಗಳಲ್ಲಿ ನಾಲ್ಕು ಹೈಡ್ರಾಕ್ಸಿಲ್‌ಗಳಿವೆ (ಒಂದು ಆಮ್ಲಜನಕಕ್ಕೆ ಒಂದು ಹೈಡ್ರೋಜನ್ ಸೇರಿದ OH ಜೋಡಿಗಳು). ಅಂದರೆ ಸೂತ್ರ ಹೇಳುವ ಹತ್ತರಲ್ಲಿ ನೀರಾಗಿ ಉಳಿದಿರುವುದು ಎಂಟೇ. ಮಿಕ್ಕ ಎರಡರ ನಾಲ್ಕು ಹೈಡ್ರೋಜನ್‌ಗಳ ಲೆಕ್ಕ ಬೋರಾನ್‌ಗೆ ಅಂಟಿದ ಈ ನಾಲ್ಕು ಹೈಡ್ರಾಕ್ಸಿಲ್‌ಗಳಲ್ಲಿ ಸೇರಿಹೋಗಿದೆ. ಆ ಎಂಟು ಅಣುಗಳು ಸೋಡಿಯಂ ಅನ್ನು ಸುತ್ತುವರಿದು ಸಾಲುಗಟ್ಟಿವೆ. ಹೈಡ್ರೋಜನ್ ಎಲ್ಲಿದೆಯೆಂದು ಎಕ್ಸ್‌ರೇಯಿಂದ ನಿಖರವಾಗಿ ಹೇಳುವುದು ಕಷ್ಟವಾದ್ದರಿಂದ, 1978ರಲ್ಲಿ ನ್ಯೂಟ್ರಾನ್ ವಿವರ್ತನೆಯಿಂದ (ಎಕ್ಸ್‌ರೇ ಬದಲು ನ್ಯೂಟ್ರಾನ್‌ಗಳನ್ನು ಹರಳಿನ ಮೇಲೆ ಹಾಯಿಸುವ ವಿಧಾನ) ಇದೇ ರಚನೆಯನ್ನು ಮತ್ತೆ ಅಳೆದರು. ಅದು ಸಲೀಸಾದ ದಾರಿಯಲ್ಲ: ನೈಸರ್ಗಿಕ ಬೋರಾನ್‌ನಲ್ಲಿ ಸುಮಾರು ಶೇಕಡ 20ರಷ್ಟಿರುವ ಬೋರಾನ್-10 ಎಂಬ ಬಗೆ (ಐಸೊಟೋಪ್) ನ್ಯೂಟ್ರಾನ್‌ಗಳನ್ನೇ ನುಂಗಿಬಿಡುತ್ತದೆ.

ಇಷ್ಟು ಸೂಕ್ಷ್ಮಕ್ಕೆ ಏಕೆ ಇಳಿಯಬೇಕು ಎನ್ನುವವರ ಮುಂದೆ ನಾನು ಕರ್ನೈಟ್ ಎಂಬ ಇನ್ನೊಂದು ಬೋರಾನ್ ಖನಿಜವನ್ನು ಇಡುತ್ತೇನೆ. ಹಳೆಯ ಸೂತ್ರದ ಪ್ರಕಾರ ಅದು ನೀರು ಕಡಿಮೆಯಾದ ಬಿಳಿಗಾರ ಮಾತ್ರ. ಹತ್ತರ ಬದಲು ನಾಲ್ಕು, ಅಷ್ಟೇ ವ್ಯತ್ಯಾಸ. ಆದರೆ ಹರಳಿನೊಳಗೆ ಬೋರಾನ್ ಗುಂಪುಗಳು ಬಿಡಿಯಾಗಿ ಉಳಿಯದೆ ಒಂದಕ್ಕೊಂದು ಬೆಸೆದು ಉದ್ದನೆಯ ಸರಪಳಿಗಳಾಗಿವೆ. ಆದ್ದರಿಂದಲೇ ಕರ್ನೈಟನ್ನು ಒಡೆದರೆ ಮರದ ಸೀಳಿನಂಥ ಉದ್ದುದ್ದ ಚೂರುಗಳು ಬರುತ್ತವೆ. ಸೂತ್ರವನ್ನು ಎಷ್ಟು ಬಾರಿ ಉರುಹೊಡೆದರೂ ಈ ಸೀಳುವಿಕೆಗೆ ಕಾರಣ ಹೊಳೆಯುವುದಿಲ್ಲ.

ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಇದನ್ನು ಕಲಿಸಲು ದೊಡ್ಡ ಖರ್ಚಿಲ್ಲ. ಲಡಾಖ್‌ನ ಪುಗಾ ಕಣಿವೆಯ ನೈಸರ್ಗಿಕ ಬಿಳಿಗಾರ ಸಿಕ್ಕರೆ ಅತ್ಯುತ್ತಮ. ಒಣ ಗಾಳಿಯಲ್ಲಿ ಅದರ ಹರಳು ನೀರು ಬಿಟ್ಟು ಬಿಳಿ ಪುಡಿಯಾಗಿ, ಟಿಂಕಲ್ಕೊನೈಟ್ ಎಂಬ ಬೇರೆಯೇ ಖನಿಜವಾಗುತ್ತದೆ. ಗಟ್ಟಿಯಾಗಿ ಮುಚ್ಚಿಟ್ಟ ಹರಳನ್ನೂ ಆ ಪುಡಿಯನ್ನೂ ತೂಗಿ, ಎರಡರ ಎಕ್ಸ್‌ರೇ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು, ಹೋದ ನೀರು ಯಾವ ಜಾಗದ್ದೆಂದು ವಿದ್ಯಾರ್ಥಿಯೇ ಬರೆಯಲಿ. ಪರೀಕ್ಷೆಯ ಅಂಕವನ್ನು ಆ ಬರಹಕ್ಕೆ ಕೊಡೋಣ.